ಶೇಕಡಾ 0.7 ಅವರಿಗೆ ಒಂದು ಬಹಿರಂಗ ಪತ್ರ

ಶ್ರೀಯುತ ಶೇಕಡಾ ಸೊನ್ನೆ ಪಾಯಿಂಟ್ ಏಳು ಅವರೇ,

ವಯಸ್ಸು ಐವತ್ತು ದಾಟಿದರೂ ತಮಗಿನ್ನೂ ಕೆಲಸ ಕಾಯಂ ಆಗಿಲ್ಲವೆಂದು ಕೇಳಿ ಬೇಜಾರಾಯಿತು. ಶ್ರೀಮಂತ ದೇಶಗಳು ತಮ್ಮ ವರಮಾನದ ಪ್ರತಿ ನೂರು ರೂಪಾಯಿಗೆ ಎಪ್ಪತ್ತು ಪೈಸೆಯನ್ನು ಬಡದೇಶಗಳಿಗೆ ಕೊಡಬೇಕು, ಅದೂ ದಶಕದ ನಡುವಿನೊಳಗೆ ಎಂದು ವಿಶ್ವಸಂಸ್ಥೆ ನಿರ್ಣಯಿಸಿದ್ದು 1970ರಲ್ಲಿ. ಅದರಲ್ಲೇ ‘ಕೈಲಾದಷ್ಟು ಪ್ರಯತ್ನಿಸುತ್ತೇವೆ’ ಎಂಬರ್ಥದ ಮಾತೊಂದು ನುಸುಳಿತ್ತು. ತಾವು ಅಲ್ಲೇ ಹುಷಾರಾಗಬೇಕಿತ್ತು.

ನಮ್ಮೂರುಗಳಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ತಮಗಾಗಿ ಅದನ್ನೇ ಅಂದವಾಗಿ ಅಚ್ಚು ಹಾಕಿಸಿ, 2015ರಲ್ಲಿ ಸುಸ್ಥಿರ ಅಭಿವೃದ್ಧಿಯ ಹದಿನೇಳನೇ ಗುರಿಯೊಳಗೆ ಇನ್ನೊಮ್ಮೆ ಅಂಟಿಸಿದರು.

2024ರಲ್ಲಿ ತಮ್ಮನ್ನು ಒಳಗೆ ಕರೆದು ಕೂರಿಸಿದವರು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್. ಅಮೆರಿಕ ಮೊದಲಿನಿಂದಲೂ ತಮ್ಮನ್ನು ಒಪ್ಪಿಕೊಂಡದ್ದೇ ಇಲ್ಲ. ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ ದೇಶ. ಬ್ರಿಟನ್‌ನ ಕಥೆ ಹೆಚ್ಚು ಸ್ವಾರಸ್ಯದ್ದು. 2015ರಲ್ಲಿ ತಮಗಾಗಿ ಕಾನೂನನ್ನೇ ಮಾಡಿತು. 2021ರಲ್ಲಿ ತಮ್ಮನ್ನು 0.5ಕ್ಕೆ ಇಳಿಸಿತು. ರಕ್ಷಣೆಗೆ ದುಡ್ಡು ಸಾಲದೆಂದು 2027ಕ್ಕೆ 0.3 ಮಾಡುವುದಾಗಿ 2025ರಲ್ಲಿ ಸಾರಿತು. ಕಾನೂನು ಮಾತ್ರ ಹಾಗೇ ಇದೆ. ಪಾಲಿಸದಿದ್ದರೆ ಶಿಕ್ಷೆಯೂ ಉಂಟು: ಮಂತ್ರಿಗಳು ಸಂಸತ್ತಿಗೆ ಕಾರಣ ಬರೆದು ಕೊಡಬೇಕು! ನಮ್ಮ ಶಾಲೆಗಳಲ್ಲಿ ಹೋಂವರ್ಕ್ ಮಾಡದ ಮಕ್ಕಳಿಗೆ ಇದಕ್ಕಿಂತ ಕಠಿಣ ಶಿಕ್ಷೆಯಿತ್ತು.

ಹೋಗಲಿ, ಸಿಗುವಷ್ಟಾದರೂ ಬಡವರ ಊರು ತಲುಪುತ್ತದೆಯೇ? ನಿರಾಶ್ರಿತರು ದಾನಿ ದೇಶಕ್ಕೆ ಬಂದ ಮೊದಲ ವರ್ಷ ಅವರ ಊಟ, ವಸತಿಗೆ ಆಗುವ ಖರ್ಚನ್ನೂ ವಿದೇಶಿ ನೆರವಿನ ಲೆಕ್ಕಕ್ಕೆ ಬರೆದುಕೊಳ್ಳಲು ನಿಯಮವಿದೆ. 2022ರಲ್ಲಿ ಬ್ರಿಟನ್ನಿನ ನೆರವಿನ ಕಾಲುಭಾಗಕ್ಕಿಂತ ಹೆಚ್ಚು ಹೀಗೆ ಬ್ರಿಟನ್ನಿನಲ್ಲೇ ಖರ್ಚಾಯಿತು. ದಾನ ಕೊಟ್ಟ ಪುಣ್ಯವೂ ಬಂತು, ದುಡ್ಡೂ ಊರು ಬಿಡಲಿಲ್ಲ.

ಅತ್ತ ಶ್ರೀಯುತ ಶೇಕಡಾ ಐದು ಅವರನ್ನು ನೋಡಿ. 2025ರ ಜೂನ್‌ನಲ್ಲಿ ಹೇಗ್ ನಗರದ ನೇಟೊ ಸಭೆಗೆ ಬಂದರು, ಎರಡೇ ದಿನದಲ್ಲಿ ಮಂಜೂರಾದರು. 2035ರೊಳಗೆ ವರಮಾನದಲ್ಲಿ ನೂರಕ್ಕೆ ಐದು ರಕ್ಷಣೆಗೆ! ತಮ್ಮ ಏಳು ಪಟ್ಟು. ಸ್ಪೇನ್ ಒಂದಿಷ್ಟು ಗೊಣಗಿತು, ಅಷ್ಟೇ.

ಆದ್ದರಿಂದ ನನ್ನದೊಂದು ಸಲಹೆ. ಆ ಐದರಲ್ಲಿ ಒಂದೂವರೆ ಭಾಗ ನೇರವಾಗಿ ಕೋವಿ, ಮದ್ದುಗುಂಡಿಗಲ್ಲ. ರಸ್ತೆ, ಸೇತುವೆ ಮುಂತಾದ ‘ಭದ್ರತೆಗೆ ಸಂಬಂಧಿಸಿದ’ ಖರ್ಚಿಗಂತೆ. ತಾವು ಸದ್ದಿಲ್ಲದೆ ಅದರೊಳಗೆ ಸೇರಿಕೊಳ್ಳಿ. ಮಲಾವಿಯ ಕೊಳವೆಬಾವಿಗೆ ಸೇನಾ ಜಲಾಗಾರ ಎಂದೂ, ಹೆರಿಗೆ ಆಸ್ಪತ್ರೆಗೆ ಭಾವೀ ಯೋಧರ ಕೇಂದ್ರವೆಂದೂ ಬೋರ್ಡು ಹಾಕಿಸಿ. ಅನುದಾನ ಬಂದ ಮೇಲೆ ಯಾರಾದರೂ ತಪಾಸಣೆಗೆ ಬಂದರೆ, ಮಿಲಿಟರಿ ರಹಸ್ಯ ಅಂದುಬಿಡಿ.

ಇಂತಿ,
ತಮ್ಮ ಹಿತೈಷಿ