ಅಲೆ ಏಳುವ ನೀರಿಗೆ ಎಂಥ ಸ್ಕೀ?

ಏನ್ರೀ, ವಿಜಯವಾಡದಲ್ಲಿರೋ ನಿಮ್ಮ ಮಗ ವಾಟರ್ ಸ್ಕೀ ಕೊಳ್ತಾನಂತೆ? ನಿಮ್ಮ ಮನೆಯವರು ಬೆಳಗ್ಗೆ ಕಾಂಪೌಂಡ್ ಹತ್ರ ಸಿಕ್ಕಾಗ ಹೇಳಿದ್ರು. ಬಹಳ ಸಂತೋಷ ಆಯ್ತು. ವಿಶಾಖಪಟ್ಟಣದ ನಮ್ಮ ದ್ವಾರಕಾ ನಗರದಲ್ಲಿ ಯಾರ ಮನೆ ಮಕ್ಕಳ ಸುದ್ದಿ ಕೇಳಿದ್ರೂ ಕೋಚಿಂಗು, ರ‍್ಯಾಂಕು ಅಂತಲೇ ಮಾತು. ಒಬ್ಬ ಹುಡುಗ ಹಗ್ಗ ಹಿಡಿದು ನೀರಿನ ಮೇಲೆ ನಿಲ್ತೀನಿ ಅಂತಿದ್ದಾನೆ, ತಡೀಬೇಡಿ. ಆದರೆ ದುಡ್ಡು ಕೊಡೋಕೆ ಮುಂಚೆ ನಾಲ್ಕು ಮಾತು ಅವನ ಕಿವಿಗೆ ಹಾಕಿ. ನಾನು ಮೈಸೂರಿನ ವರುಣಾ ಕೆರೆಯಲ್ಲಿ ಕಲಿತವನು. ಗಾಳಿ ಎದ್ದ ಕೆರೆ ಮಂಡಿಗೆ ಎಂಥ ಏಟು ಕೊಡುತ್ತೆ ಅಂತ ಗೊತ್ತಿದೆ.

ರುಷಿಕೊಂಡದಲ್ಲಿ ಸಮುದ್ರವೇ ಇದೆಯಲ್ಲ, ಇಲ್ಲೇ ಆಡಬಹುದಲ್ಲ ಅಂತೀರಾ? ದಡಕ್ಕೆ ಬಂದು ಒಡೆಯೋ ಆ ಅಲೆ ಸರ್ಫಿಂಗಿಗೆ ಚೆನ್ನ, ಸ್ಕೀಗಲ್ಲ. ಮುಡಸರ್ಲೋವ, ಮೇಘಾದ್ರಿಗೆಡ್ಡ ಎರಡೂ ಊರಿಗೆ ಕುಡಿಯೋ ನೀರು ಕೊಡೋ ಜಲಾಶಯಗಳು. ಮುಡಸರ್ಲೋವದ ಮೇಲಂತೂ ತೇಲುವ ಸೋಲಾರ್ ಫಲಕ ಹಾಸಿದ್ದಾರೆ. ಹಾಗಾಗಿ ಅವನು ಕೃಷ್ಣೆಯನ್ನೇ ನಂಬಿರೋದು ಸರಿಯಾಗಿದೆ. 1957ರಲ್ಲಿ ಪ್ರಕಾಶಂ ಬ್ಯಾರೇಜು ಆದಮೇಲೆ ಅದರ ಹಿಂದೆ, ಭವಾನಿ ದ್ವೀಪದ ಸುತ್ತ ನಿಂತಿರೋ ನೀರು ನದಿಗಿಂತ ಕೆರೆ ಅನ್ನೋ ಹಾಗೇ ಇದೆ. 2018ರ ನವೆಂಬರಿನಲ್ಲಿ ಎಫ್1ಎಚ್2ಒ ಪವರ್‌ಬೋಟ್ ಪಂದ್ಯವನ್ನೇ ಅಲ್ಲಿ ನಡೆಸಿದ್ರು.

ಆದರೆ ವಿಶಾಲವಾದ ನೀರು ಅಂದ್ರೆ ಗಾಳಿಗೂ ಓಡೋಕೆ ಜಾಗ. ಗಾಳಿ ಎಷ್ಟು ಜೋರು, ಎಷ್ಟು ಹೊತ್ತು ಬೀಸ್ತು, ತಡೆಯಿಲ್ಲದೆ ಎಷ್ಟು ದೂರ ನೀರಿನ ಮೇಲೆ ಓಡ್ತು, ಈ ಮೂರೂ ಸೇರಿ ಅಲೆಯ ಎತ್ತರ ಗೊತ್ತಾಗೋದು. ನಮ್ಮ ಲಿಂಗನಮಕ್ಕಿ ಹಿನ್ನೀರು, ಕನ್ನಂಬಾಡಿ ಎಲ್ಲಾ ಕಡೆಯೂ ಇದೇ ಕಥೆ. ಕೃಷ್ಣೆಯಲ್ಲಿ ಇನ್ನೂ ಒಂದು ತೊಂದರೆ ಇದೆ. ಕಲ್ಲಿನ ಘಾಟು, ಬ್ಯಾರೇಜಿನ ಗೋಡೆ ಅಲೆಯನ್ನು ನುಂಗಲ್ಲ, ವಾಪಸ್ ಕಳಿಸ್ತವೆ. ಹೋಗೋ ಅಲೆ, ಬರೋ ಅಲೆ, ಪ್ರವಾಸಿ ದೋಣಿ ಎಬ್ಬಿಸಿದ ಅಲೆ, ಮೂರೂ ಕಾಲ ಕೆಳಗೇ ಬಂದು ಸೇರುತ್ತೆ.

ಇಂಥ ನೀರಿಗೆ ಹುಡುಗರು ಏನು ತರಿಸ್ತಾರೆ ಗೊತ್ತಾ? ಚಾಂಪಿಯನ್ ಹಾಕೋ ಗಟ್ಟಿ ಕಾರ್ಬನ್ ಸ್ಲಾಲಮ್ ಸ್ಕೀ, ಅಂದ್ರೆ ಎರಡೂ ಕಾಲಿಟ್ಟು ನಿಲ್ಲೋ ಒಂಟಿ ಸ್ಕೀ. ಅದು ಕನ್ನಡಿ ಹಾಗಿರೋ ನೀರಿಗೆ ಮಾಡಿದ್ದು. ಸ್ಪರ್ಧೆಯ ಸ್ಲಾಲಮ್ ಓಟ 259 ಮೀಟರು, ಸುತ್ತಿ ಬರೋಕೆ ಆರು ಬೋಯಿ (ನೀರಲ್ಲಿ ತೇಲೋ ಗುರುತು), ಗಂಡಸರಿಗೆ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರು. ಅಂಥ ಕಡೆ ಗಡಸು ಸ್ಕೀ ಕಾಲು ಹೇಳಿದ ತಕ್ಷಣ ತಿರುಗುತ್ತೆ. ಗಾಳಿಯ ನೀರಿಗೆ ಅದನ್ನೇ ತಂದರೆ ಒಂದೊಂದು ಅಲೆಯ ಪೆಟ್ಟೂ ನೇರ ಮಂಡಿಗೆ, ಸೊಂಟಕ್ಕೆ. ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಿಸಿ ಹಳ್ಳ ಬಿದ್ದ ರಸ್ತೆಯಲ್ಲಿ ಸೈಕಲ್ ಹೊಡೆದ ಹಾಗೆ.

ಅದಕ್ಕೇ ನಾನು ಹೇಳೋದು, ಮೊದಲು ಬಾಗು, ಅಂದ್ರೆ ಹಲಗೆ ಎಷ್ಟು ಬಗ್ಗುತ್ತೆ ಅನ್ನೋದು, ನೋಡು ಅಂತ. ಫೈಬರ್‌ಗ್ಲಾಸ್ ಹೊದಿಕೆ, ಒಳಗೆ ಪಾಲಿಯುರೆಥೇನ್ ತಿರುಳು ಇರೋದು ಸ್ವಲ್ಪ ಭಾರ, ಸ್ವಲ್ಪ ಮೆತ್ತಗೆ, ಬೆಲೆಯೂ ಕಮ್ಮಿ. ಆ ಭಾರ ಇಲ್ಲಿ ಒಳ್ಳೇದೇ. ಹಗುರ ಹಲಗೆಯನ್ನು ಅಲೆ ಎತ್ತಿ ಎಸೆಯುತ್ತೆ, ತೂಕ ಇದ್ದದ್ದು ನೀರು ಸೀಳಿಕೊಂಡು ಹೋಗುತ್ತೆ. ಎರಡನೇದು ತಳ. ಚಪ್ಪಟೆ ತಳ ಅಲೆಯ ಮೇಲೆ ಕುಪ್ಪಳಿಸುತ್ತೆ. ಉದ್ದಕ್ಕೂ ಒಳಕ್ಕೆ ತಗ್ಗಿರೋ ತಳ, ಅದನ್ನೇ ಕಾಂಕೇವ್ ಅನ್ನೋದು, ನೀರನ್ನು ಹಿಡಿದುಕೊಂಡಿರುತ್ತೆ. ಅಂಚು ಚೆನ್ನಾಗಿ ಓರೆ ಹೊಡೆದಿದ್ದರೆ ಸ್ಕೀ ಇನ್ನಷ್ಟು ಇಳಿದು ಕೂರುತ್ತೆ.

ಅಗಲದ ವಿಷಯದಲ್ಲೇ ಜನ ವಾದ ಮಾಡೋದು. ಅಗಲವಾದದ್ದು ನೀರಿಂದ ಬೇಗ ಎಬ್ಬಿಸುತ್ತೆ, ಕಮ್ಮಿ ವೇಗದಲ್ಲೂ ಹೊರುತ್ತೆ. ಆದರೆ ಅದು ನೀರಿನ ನೆತ್ತಿಯ ಮೇಲೇ ಓಡೋದು, ಅಲ್ಲಿರೋ ಪ್ರತಿ ಉಬ್ಬೂ ಕಾಲಿಗೆ ತಿಳಿಯುತ್ತೆ. ಸಪೂರದ್ದು ಆಳಕ್ಕೆ ಕೂರುತ್ತೆ, ಆದರೆ ವೇಗ ಕೇಳುತ್ತೆ. ವೇಗ ಹೆಚ್ಚಾದಷ್ಟೂ ಪೆಟ್ಟು ಹೆಚ್ಚು. 58ರಿಂದ 48ಕ್ಕೆ ಇಳಿಸಿ ನೋಡಿ, ಏಟಿನ ಶಕ್ತಿ ಸುಮಾರು ಮೂರರಲ್ಲೊಂದು ಪಾಲು ಇಳಿಯುತ್ತೆ. ಹಾಗಾಗಿ ನನ್ನ ಆಯ್ಕೆ ನಡುವಿನದು: ಮುಂಭಾಗ ತುಸು ಅಗಲ, ಬಾಲ ಸಪೂರ, ವೇಗ 45ರಿಂದ 50. ಉದ್ದಕ್ಕೆ ತೂಕವೇ ಲೆಕ್ಕ. 70ರಿಂದ 80 ಕಿಲೋ ತೂಗೋರಿಗೆ ಸುಮಾರು 67 ಇಂಚು, ಅದಕ್ಕೂ ಮೇಲಿದ್ದರೆ 69. ಎರಡರ ಮಧ್ಯೆ ಅನುಮಾನ ಬಂದರೆ, ಅಲೆಯ ನೀರಿಗೆ ಉದ್ದದ್ದೇ ಇರಲಿ.

ಅಗಲ ಯಾಕೆ ಬೇಕು ಅನ್ನೋದಕ್ಕೆ ಈ ಆಟ ಹುಟ್ಟಿದ ಕಥೆಯೇ ಸಾಕ್ಷಿ. 1922ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಅನ್ನೋ 18ರ ಹುಡುಗ ಮೊದಲು ಪೀಪಾಯಿಯ ಹಲಗೆ ಕಟ್ಟಿಕೊಂಡು ನೋಡಿದ, ಆಮೇಲೆ ಹಿಮದ ಸ್ಕೀ. ಎರಡೂ ಅವನನ್ನ ಹೊರಲಿಲ್ಲ. ಕೊನೆಗೆ ಎಂಟು ಅಡಿ ಉದ್ದ, ಒಂಬತ್ತು ಇಂಚು ಅಗಲದ ಪೈನ್ ಹಲಗೆ ತಂದು, ತುದಿಯನ್ನು ಬಿಸಿನೀರಲ್ಲಿ ಬೇಯಿಸಿ ಬಗ್ಗಿಸಿ, ಪೆಪಿನ್ ಸರೋವರದಲ್ಲಿ ಎದ್ದು ನಿಂತ. ಆ ಪೆಪಿನ್ ಕೂಡ ಮಿಸಿಸಿಪ್ಪಿ ನದಿ ಅಗಲವಾದ ಜಾಗವೇ. ತನ್ನ ನೀರು ಏನು ಕೇಳುತ್ತೆ ಅಂತ ನೋಡಿ ಹಲಗೆ ಮಾಡಿದ ಆ ಹುಡುಗ. ನಿಮ್ಮ ಮಗನೂ ಹಾಗೇ ನೋಡಲಿ.

ಇನ್ನೂ ಒಂಟಿ ಸ್ಕೀ ಮೇಲೆ ನಿಲ್ಲೋಕೆ ಬರದಿದ್ದರೆ ನಾಚಿಕೆ ಬೇಡ, ಕಾಂಬೋ ಜೋಡಿ ಕೊಳ್ಳಲಿ. ಅದರಲ್ಲಿ ಒಂದಕ್ಕೆ ಹಿಂಗಾಲು ಇಡೋ ಪಟ್ಟಿ ಇರುತ್ತೆ, ಮುಂದೆ ಅದೇ ಒಂಟಿ ಸ್ಕೀ ಆಗುತ್ತೆ. ಬೂಟು ಬಿಗಿಯಾಗಿ ಕೂರಬೇಕು, ಆದರೆ ಬಿದ್ದಾಗ ಕಾಲು ಬಿಡಿಸಿಕೊಳ್ಳಬೇಕು. ಒಂದು ಕಾಲು ಬಿಟ್ಟು ಇನ್ನೊಂದು ಸಿಕ್ಕಿಕೊಂಡರೆ ಪಾದದ ಗಂಟು ತಿರುಚುತ್ತೆ. ಹಳೇ ಸ್ಕೀ ಸಿಕ್ಕರೆ ತಳದ ಪದರ ಎದ್ದಿದೆಯಾ, ಬಾಲದ ಕೆಳಗಿನ ರೆಕ್ಕೆ, ಅಂದ್ರೆ ಫಿನ್, ಅಲ್ಲಾಡುತ್ತಾ ಅಂತ ಬೆರಳಾಡಿಸಿ ನೋಡಲಿ.

ದೋಣಿ ಓಡಿಸೋರಿಗೂ ಹೇಳಬೇಕು. ಸುತ್ತು ಹೊಡೆದರೆ ತಾವೇ ಎಬ್ಬಿಸಿದ ಅಲೆ ಎದುರಿಗೆ ಬರುತ್ತೆ. ನೇರ ಹೋಗಿ, ವೇಗ ಇಳಿಸಿ, ತಿರುಗಿ ಅದೇ ಗೆರೆಯಲ್ಲಿ ವಾಪಸ್ ಬರಬೇಕು. ಹೊತ್ತು ಬೆಳಗಿನದೇ, ಗಾಳಿ ಏಳೋಕೆ ಮುಂಚೆ. ಜನವರಿಯಿಂದ ಮಾರ್ಚ್ ಒಳ್ಳೆ ಕಾಲ. ಮಳೆಗಾಲದಲ್ಲಿ ಕೃಷ್ಣೆಗೆ ಪ್ರವಾಹ ಬಂದು ಗೇಟು ತೆಗೆದಾಗ ಆ ನೀರಿನ ಹತ್ರವೂ ಹೋಗಬಾರದು. ಅಕ್ಟೋಬರಿಂದ ಡಿಸೆಂಬರ್ ಚಂಡಮಾರುತದ ತಿಂಗಳು. 2014ರ ಹುದ್‌ಹುದ್ ಈ ಊರನ್ನು ಏನು ಮಾಡಿತು ಅನ್ನೋದನ್ನ ನಾನು ನಿಮಗೆ ಹೇಳಬೇಕಾಗಿಲ್ಲ.

ಕೊನೆಗೆ ಲೈಫ್ ಜಾಕೆಟ್. 2017ರ ನವೆಂಬರ್ 12ರಂದು ಇದೇ ಕೃಷ್ಣೆಯಲ್ಲಿ, ಇಬ್ರಾಹಿಂಪಟ್ನಂ ಹತ್ತಿರ ದೋಣಿ ಮಗುಚಿ 20ಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರ ಮೈಮೇಲೆ ಜಾಕೆಟ್ ಇರಲಿಲ್ಲ. ಅಲೆಯಲ್ಲಿ ಬಿದ್ದವನ ತಲೆ ದೋಣಿಯವರಿಗೆ ಬೇಗ ಕಾಣಲ್ಲ, ಅದಕ್ಕೇ ಜಾಕೆಟ್ ಎದ್ದು ಕಾಣೋ ಬಣ್ಣದ್ದಿರಲಿ, ದೋಣಿಯಲ್ಲಿ ಹಿಂದೆ ನೋಡ್ತಾ ಕೂರೋಕೆ ಇನ್ನೊಬ್ಬರಿರಲಿ. ಅವನ ಹತ್ರ ಇರೋ ದುಡ್ಡಿನಲ್ಲಿ ಮೊದಲು ಒಳ್ಳೆ ಜಾಕೆಟ್ ತಗೊಳ್ಳಲಿ, ಉಳಿದದ್ದರಲ್ಲಿ ಮೆತ್ತನೆ ಬಾಗಿನ, ಆಳ ತಳದ ಸ್ಕೀ ತಗೊಳ್ಳಲಿ. ಇವತ್ತು ರಾತ್ರಿ ಫೋನ್ ಮಾಡಿದಾಗ ಇದನ್ನ ಮರೀದೆ ಹೇಳಿ.