ಶ್ರೇಯಾಂಕ ಮೀಮಾಂಸೆ

ನೈಯಾಯಿಕರು ಪ್ರಮಾಣಗಳು ನಾಲ್ಕೆಂದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಐದನೆಯದಾದ ಶ್ರೇಯಾಂಕ ಅವರಿಗೆ ಹೊಳೆಯಲಿಲ್ಲ. ಪಾಪ, ಅವರಿಗೆ ಪುಸ್ತಕ ಮಾರುವ ದರ್ದಿರಲಿಲ್ಲ.

ಆನ್‌ಲೈನ್ ಪುಸ್ತಕದಂಗಡಿಯಲ್ಲಿ ಪುಟಸಂಖ್ಯೆ, ತೂಕ, ಉದ್ದಗಲಗಳ ನೆರೆಯಲ್ಲಿ ಸಣ್ಣಕ್ಷರದಲ್ಲಿ ಅಡಗಿರುವ ಸಂಖ್ಯೆಯೇ ಶ್ರೇಯಾಂಕ. ಓದುಗನಿಗೆ ಇದು ಕಾಣುವುದಿಲ್ಲ. ಲೇಖಕನಿಗೆ ಬೇರೇನೂ ಕಾಣುವುದಿಲ್ಲ. ಸಂಖ್ಯೆ ಹಿಗ್ಗಿದಷ್ಟೂ ಲೇಖಕ ಕುಗ್ಗುವುದು ಇದರ ಲಕ್ಷಣ. ಪ್ರಸ್ತುತ ಸಂಶೋಧಕನ ಪ್ರಬಂಧ ಸಂಕಲನ ನಾಲ್ಕು ಲಕ್ಷ ಚಿಲ್ಲರೆಯಲ್ಲಿದೆ. ಚಿಲ್ಲರೆ ಎಂದದ್ದು ವಿನಯಕ್ಕೆ. ಅದೇ ತೊಂಬತ್ತು ಸಾವಿರ ದಾಟುತ್ತದೆ.

ಇತಿಹಾಸ ನೋಡಿದರೆ, ಅಮೆರಿಕದ ‘ದಿ ಬುಕ್‌ಮನ್’ ಪತ್ರಿಕೆ 1895ರಲ್ಲೇ ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿ ಕೊಡತೊಡಗಿತು. 1931ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ತಂದ ಮೊದಲ ಪಟ್ಟಿಯಲ್ಲಿದ್ದದ್ದು ಒಂಬತ್ತೇ ಪುಸ್ತಕ. ಆ ಪಟ್ಟಿಗಳ ಕರುಣೆ ದೊಡ್ಡದು: ಗೆದ್ದ ಕೆಲವರ ಹೆಸರು ಹೇಳಿ, ಉಳಿದವರನ್ನು ಮರ್ಯಾದೆಯಿಂದ ಬದುಕಲು ಬಿಡುತ್ತಿದ್ದವು. ಹತ್ತನೆಯವನು ತಾನು ಹತ್ತನೆಯವನೆಂದೇ ನಂಬಿ ಸಾಯಬಹುದಿತ್ತು, ಲಕ್ಷದವನೂ ಹಾಗೆಯೇ. ಲಕ್ಷದವನಿಗೆ ಲಕ್ಷವೆಂದು ತಿಳಿಸಿದ ಕ್ರೌರ್ಯ ಗಣಕದ್ದು.

ನಮ್ಮ ಕಾದಂಬರಿಕಾರ ಗಳಗನಾಥರು (1869-1942) ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಅವರ ಶ್ರೇಯಾಂಕ ಕುತ್ತಿಗೆಗೇ ತಿಳಿಯುತ್ತಿದ್ದಿರಬೇಕು. ಮಾರಾಟವಾದಷ್ಟೂ ಭಾರ ಇಳಿಯುವ ಈ ಪದ್ಧತಿಯಲ್ಲಿ ಪಕ್ಕದ ಮನೆಯ ಲೇಖಕನ ಪುಸ್ತಕ ಖರ್ಚಾದ ಮಾತ್ರಕ್ಕೆ ಇವರ ಗಂಟಿನ ತೂಕ ಏರುವಂತಿರಲಿಲ್ಲ.

ಈಗ ಏರುತ್ತದೆ. ಶ್ರೇಯಾಂಕವು ಎಷ್ಟು ಪ್ರತಿ ಹೋಯಿತೆಂದು ಹೇಳದು. ಬೇರೆಯವರದಕ್ಕಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ ಹೇಳುತ್ತದೆ. ಗ್ರಂಥಾಲಯ ಇಲಾಖೆ ಸಗಟು ಖರೀದಿ ಮಾಡಿದರೂ, ಸಮ್ಮೇಳನದ ಮಳಿಗೆಯಲ್ಲಿ ಕಟ್ಟುಗಟ್ಟಲೆ ಖಾಲಿಯಾದರೂ ಅದು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಆದರೆ ತಳದಲ್ಲಿ ಬಹುತೇಕರದು ಒಂದೂ ಹೋಗದ ಕಾರಣ, ಒಂದೇ ಪ್ರತಿ ಹೋದರೂ ಪುಸ್ತಕ ಲಕ್ಷ ಮೆಟ್ಟಿಲು ಹಾರಿಬಿಡುತ್ತದೆ. ಇದರಿಂದ ಸಿದ್ಧವಾಗುವ ವ್ಯಾಪ್ತಿ: ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಇರುವಂತೆ, ಎಲ್ಲೆಲ್ಲಿ ಜಿಗಿತವೋ ಅಲ್ಲಲ್ಲಿ ಸೋದರಮಾವ.

ಉಪವರ್ಗಗಳೆಂಬ ಸಾಂತ್ವನವೂ ಉಂಟು. ಶೀರ್ಷಿಕೆಯಲ್ಲಿ ಎಮ್ಮೆ ಇದ್ದ ತಪ್ಪಿಗೆ ನನ್ನ ಲಲಿತ ಪ್ರಬಂಧಗಳನ್ನು ಪಶುಸಂಗೋಪನೆಗೆ ಸೇರಿಸಿದ್ದಾರೆ. ಅಲ್ಲಿ ನಾನು ಎರಡನೆಯವನು. ಮೊದಲನೆಯದು ಕೆಚ್ಚಲುಬಾವಿನ ಕೈಪಿಡಿ. ಅದು ಉಪಯುಕ್ತ ಗ್ರಂಥವೆಂದು ಒಪ್ಪುತ್ತೇನೆ. ಶೈಲಿ ಮಾತ್ರ ಸಪ್ಪೆ.

ಪೂರ್ವಪಕ್ಷ: ಲೇಖಕನೇ ಕೊಂಡರೆ? ಪ್ರಕಾಶಕರು ರಿಯಾಯಿತಿಯಲ್ಲಿ ಕೊಡುವುದನ್ನು ಪೂರ್ತಿ ಬೆಲೆಗೆ, ಸಾಗಣೆ ಖರ್ಚು ಬೇರೆ ತೆತ್ತು ಕೊಳ್ಳುವುದು ಅರ್ಥ ಪುರುಷಾರ್ಥಕ್ಕೆ ವಿರುದ್ಧ. ಕಾಮ ಪುರುಷಾರ್ಥಕ್ಕೆ ಸಮ್ಮತ. ಧರ್ಮದ ಮಾತು ಮುಂದಿನ ಸಂಪುಟಕ್ಕೆ.

ಮೊನ್ನೆ ಪುಸ್ತಕ ಒಮ್ಮೆಲೇ ಮೇಲೆ ಹಾರಿತು. ಅನುಮಾನಕ್ಕೆ ಶಬ್ದಪ್ರಮಾಣದ ಬೆಂಬಲ ಬೇಕಲ್ಲ, ಮಾವನಿಗೆ ಫೋನು ಮಾಡಿದೆ.

“ಹ್ಞೂಂ ಕಣೋ, ತರಿಸಿದೀನಿ,” ಎಂದರು. “ಪೊಟ್ಟಣ ಇನ್ನೂ ಒಡೆದಿಲ್ಲ. ವಾಪಸ್ ಕಳಿಸೋಕೆ ಎಷ್ಟು ದಿನ ಟೈಮ್ ಕೊಡ್ತಾರೆ, ನಿಂಗೇನಾದ್ರೂ ಗೊತ್ತಾ?”