ಅತ್ತೆಯ ಕಣ್ಣಿಗೆ ನೂರಕ್ಕೆ ನೂರು

ನಮ್ಮ ಸೋದರತ್ತೆಗೆ ಪೊರೆ ಆಪರೇಷನ್ ಆಗಿ ತಿಂಗಳಾಗಿತ್ತು. ಚೆಕಪ್ಪಿಗೆ ಹೋದಾಗ ಬೋರ್ಡಿನ ಕೊನೆಯ ಸಾಲಿನವರೆಗೂ ಪಟಪಟ ಓದಿಬಿಟ್ಟರು. ಡಾಕ್ಟರು '6/6' ಎಂದು ಬರೆದು, ತಾವೇ ಪಾಸಾದವರಂತೆ ನಕ್ಕರು. ಇನ್ನೇನು ಹೊರಡೋಣ ಎನ್ನುವಷ್ಟರಲ್ಲಿ ಟ್ಯಾಬ್ ಹಿಡಿದ ಹುಡುಗಿಯೊಬ್ಬಳು ಬಂದಳು.

"ಅಜ್ಜಿ, ನಿಮ್ಮ ಜೀವನದ ಗುಣಮಟ್ಟ ಅಳೀಬೇಕಿತ್ತು."

ಅತ್ತೆ ಸೆರಗು ಸರಿಮಾಡಿಕೊಂಡು ಕೂತರು. ಎಪ್ಪತ್ತೆರಡು ವರ್ಷದಲ್ಲಿ ಅದನ್ನು ವಿಚಾರಿಸಿಕೊಂಡು ಬಂದವಳು ಇವಳೇ ಮೊದಲು.

ಉದ್ದೇಶವೇನೋ ಒಳ್ಳೆಯದೇ. 1862ರಲ್ಲಿ ಹಾಲೆಂಡಿನ ಸ್ನೆಲೆನ್ ಅಕ್ಷರದ ಫಲಕ ಮಾಡಿಕೊಟ್ಟಾಗಿನಿಂದ ದೃಷ್ಟಿಯೆಂದರೆ ಆ ಫಲಕದ ಎಷ್ಟನೇ ಸಾಲು ಎಂದಾಗಿತ್ತು. ಆರು ಮೀಟರ್ ದೂರದ ಅಕ್ಷರ ಕಂಡ ಮಾತ್ರಕ್ಕೆ ಮಬ್ಬುಗತ್ತಲಲ್ಲಿ ಮೆಟ್ಟಿಲಿಳಿಯಲು ಬಂದೀತೆ? ಎದುರಿದ್ದವರ ಮುಖಭಾವ ತಿಳಿದೀತೆ? ರೋಗಿಯನ್ನೇ ಕೇಳಿಬಿಡೋಣ ಎಂದು ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ 51 ಪ್ರಶ್ನೆ ಮಾಡಿಸಿತು. ಅಷ್ಟು ಕೇಳಲು ಯಾರಿಗೆ ಪುರುಸೊತ್ತು? 2001ರ ಹೊತ್ತಿಗೆ ಅದು 25ಕ್ಕೆ ಇಳಿಯಿತು. ಪ್ರತಿ ಉತ್ತರಕ್ಕೂ ಸೊನ್ನೆಯಿಂದ ನೂರರವರೆಗೆ ಅಂಕ.

ಮೊದಲ ಪ್ರಶ್ನೆ, ಒಟ್ಟಾರೆ ಆರೋಗ್ಯ ಹೇಗಿದೆ? ಅತ್ತೆ ಮಂಡಿನೋವಿನಿಂದ ಹಿಡಿದು ಹೊಟ್ಟೆಯುಬ್ಬರದವರೆಗೆ ಹತ್ತು ನಿಮಿಷ ಹೇಳಿದರು. ಈ ಒಂದು ಪ್ರಶ್ನೆಯ ಅಂಕ ಒಟ್ಟು ಲೆಕ್ಕಕ್ಕೆ ಸೇರುವುದಿಲ್ಲ. ಕೇಳುವುದು ಮರ್ಯಾದೆಗೆ.

"ಪೇಪರ್ ಓದೋಕೆ ಕಷ್ಟ ಆಗುತ್ತಾ?"

"ಡಬ್ಬದ ಕೆಳಗೆ ಹಾಸುವಾಗ ಓದ್ತೀನಮ್ಮ. ಸುದ್ದಿ ಹಳೇದಾದ್ರೂ ಅಕ್ಷರ ಅದೇ ಅಲ್ವಾ?"

ಕಷ್ಟವೇನಿಲ್ಲ. ನೂರು.

"ಕಾರು ಓಡಿಸ್ತೀರಾ?"

"ಕಾರು ಹಾಗಿರಲಿ, ಸೈಕಲ್ ಕಲಿಯೋಕೇ ನಮ್ಮಪ್ಪ ಬಿಡಲಿಲ್ಲ."

'ಯಾವತ್ತೂ ಓಡಿಸಿಲ್ಲ.' ಆ ವಿಭಾಗವೇ ಲೆಕ್ಕದಿಂದ ಹೊರಗೆ.

"ಸಿನಿಮಾ, ನಾಟಕ?"

"ಬಿಟ್ಟೆ."

ಹುಡುಗಿ ಬೆರಳೆತ್ತಿದಳು. "ಕಣ್ಣು ಕಾಣಲ್ಲ ಅಂತಾನಾ?"

"ಕಣ್ಣು ಚೆನ್ನಾಗೇ ಇತ್ತು. ಮದುವೆ ಆಯ್ತು."

ಇಲ್ಲೊಂದು ಸೂಕ್ಷ್ಮವಿದೆ. ಕಣ್ಣಿನಿಂದಾಗಿ ಬಿಟ್ಟಿದ್ದರೆ ಸೊನ್ನೆ. 'ಬೇರೆ ಕಾರಣಕ್ಕೆ ಬಿಟ್ಟೆ, ಅಥವಾ ಆಸಕ್ತಿಯಿಲ್ಲ' ಎಂದರೆ ಆ ಪ್ರಶ್ನೆ ಕೇಳಿಯೇ ಇಲ್ಲವೆಂದು ಲೆಕ್ಕ. ಮಾವ ಬಾಗಿಲು ಹಾಕಿದ್ದೂ ಮನಸ್ಸಿಲ್ಲದೆ ಕೂತದ್ದೂ ಅಲ್ಲಿ ಒಂದೇ ಖಾನೆ. ಉತ್ತರ ಬಂದ ಪ್ರಶ್ನೆಗಳದ್ದಷ್ಟೇ ಸರಾಸರಿ.

"ಕಣ್ಣಿನ ತೊಂದರೆಯಿಂದ ಹೆಚ್ಚು ಹೊತ್ತು ಮನೇಲೇ ಇರ್ತೀನಿ. ಇದು ನಿಜಾನಾ, ಸುಳ್ಳಾ?"

"ಮನೇಲೇ ಇರ್ತೀನಿ. ಐವತ್ತು ವರ್ಷದಿಂದ ಅಲ್ಲೇ ಇದೀನಿ. ಅದಕ್ಕೂ ಕಣ್ಣಿಗೂ ಏನಮ್ಮ ಸಂಬಂಧ?"

'ಖಂಡಿತ ಸುಳ್ಳು.' ನೂರಕ್ಕೆ ನೂರು.

ಪಕ್ಕದಲ್ಲಿ ಕೂತಿದ್ದ ನಾನು ಮನಸ್ಸಿನಲ್ಲೇ ನನ್ನ ಅಂಕ ಕೂಡಿಸಿದೆ. ರಾತ್ರಿ ಎದುರು ಗಾಡಿಯ ಲೈಟಿಗೆ ಕಣ್ಣು ಕುಕ್ಕುತ್ತದೆ, ಅಲ್ಲಿ ಕಡಿತ. ಹೋಟೆಲಿನ ಮೆನು ಮಸುಕು, ಅಲ್ಲೂ ಕಡಿತ. ಕಾರು, ಹೋಟೆಲು, ಸಿನಿಮಾ ಎಲ್ಲ ಉಂಡವನ ಗುಣಮಟ್ಟ ಕೆಳಗೆ, ಒಲೆಯ ಮುಂದೆ ಕೂತವರದು ಆಕಾಶದಲ್ಲಿ! ಬಾಳಿನಲ್ಲಿ ಏನೂ ಇಟ್ಟುಕೊಳ್ಳದಿದ್ದರೆ ಪೊರೆ ತಾನೆ ಏನನ್ನು ಕಸಿದೀತು?

ನಮ್ಮ ದೇಶದ ತಜ್ಞರೇನೂ ಸುಮ್ಮನಿಲ್ಲ. ಇಲ್ಲಿನ ರೋಗಿಗಳ ಮಾತು ಕೇಳಿಯೇ 33 ಪ್ರಶ್ನೆಗಳ ಪಟ್ಟಿ ಸಿದ್ಧಪಡಿಸಿ 2005ರಲ್ಲಿ ಪ್ರಕಟಿಸಿದರು. ದಾರಿಯ ಹಳ್ಳದಿಣ್ಣೆ, ನೋಟು-ಚಿಲ್ಲರೆಯ ಗುರುತು, ಮದುವೆಮನೆ, ಎಲ್ಲ ಅದರಲ್ಲಿವೆ. ಅತ್ತೆಯ ಪಾಲಿಗೆ ಬಂದದ್ದು ಮಾತ್ರ ಅಮೆರಿಕದ್ದು. ವಿದೇಶದ ಪತ್ರಿಕೆಯಲ್ಲಿ ಲೇಖನ ಬರಬೇಕಾದರೆ ಗಜಕಡ್ಡಿಯೂ ವಿದೇಶದ್ದೇ ಇರಬೇಕೆಂದುಕೊಂಡರೋ ಏನೋ.

"ಇನ್ನೊಂದು ಅಜ್ಜಿ. ಕಣ್ಣಿನಿಂದಾಗಿ ಬೇರೆಯವರ ಸಹಾಯ ತುಂಬಾ ಬೇಕಾಗುತ್ತಾ?"

"ಈಗ ಬೇಡಮ್ಮ."

ಮತ್ತೆ ನೂರು. ಬೇರೆಯವರಿಗೆ ಇವರ ಸಹಾಯ ಎಷ್ಟು ಬೇಕು ಎಂಬ ಪ್ರಶ್ನೆ ಆ ಇಪ್ಪತ್ತೈದರಲ್ಲಿಲ್ಲ.

ಉತ್ತರ ಮನೆಯಲ್ಲಿತ್ತು. ತಿಂಗಳಿನಿಂದ ಮೂಲೆ ಸೇರಿದ್ದ ಮೊರ ನಡುಮನೆಗೆ ಬಂದು, ಅದರ ತುಂಬ ಅಕ್ಕಿ ಕಾದಿತ್ತು.

"ಕಣ್ಣು ಬಂತಲ್ಲಮ್ಮ, ಇನ್ನೇನು ಯೋಚನೆ!" ಎಂದ ಮಗ, ಓದುತ್ತಿದ್ದ ಪೇಪರಿನಿಂದ ಕಣ್ಣೆತ್ತದೆ.